ಗೇಟಿನ ಕಡೆ ಮುಖ

ಬಿಳಿ ಗೆರೆ ಗೋಡೆಯೊಳಗೆ ಹೋಗಿಬಿಟ್ಟಿತು, ಕಾಲೇಜಿನ ಬಾಗಿಲಿನಿಂದ ಇಲ್ಲಿಯವರೆಗೂ ನನ್ನ ಪಕ್ಕಕ್ಕೇ ಬರುತ್ತಿತ್ತು, ಅದರಾಚೆಯ ಒಂದು ಮೊಳ ಡಾಂಬರು ಸೈಕಲ್ಲಿನವರದು ಅಂದುಕೊಂಡಿದ್ದೆ, ಸೇತುವೆ ಬಂದಕೂಡಲೇ ರಸ್ತೆ ಸೊರಗಿ ಗೆರೆ ಸೀದಾ ಮೋಟುಗೋಡೆಗೆ ಹೊಕ್ಕು ಮುಗಿದಿದೆ, ಬಣ್ಣ ಬಳಿಯುತ್ತಿದ್ದವನು ಗೋಡೆ ಅಡ್ಡ ಬಂತಲ್ಲ ಅಂತ ಡಬ್ಬಿ ಎತ್ತಿಕೊಂಡು ಮನೆಗೆ ಹೋಗಿರಬೇಕು, ಈಗ ಈ ಕಡೆ ಗೋಡೆ, ಆ ಕಡೆ ಲಾರಿ, ನಡುವೆ ನನ್ನ ಹ್ಯಾಂಡಲ್ಲು, ಭಾನುವಾರ ಹೀಗಿರಲಿಲ್ಲ, ಭಾನುವಾರ ಬೆಳಿಗ್ಗೆ ರೂಮು ನೋಡಲು ಬಂದಾಗ ಸೇತುವೆಯ ಮೇಲೆ ನಾನು, ಎರಡು ನಾಯಿ, ಕೈಬೀಸಿಕೊಂಡು ನಡೆಯುತ್ತಿದ್ದ ಒಬ್ಬ ಮುದುಕರು, ಅಷ್ಟೇ, ಗಾಳಿ ಬೇರೆ ಬೆನ್ನಿಗಿತ್ತು, ತುಳಿಯದೆಯೇ ದಾಟಿದಂತಾಗಿತ್ತು, ಎಂಥ ದಡ್ಡಿ ನಾನು, ರಜೆಯ ದಿನ ದಾರಿ ನೋಡಿ ಅದರ ತುದಿಯಲ್ಲಿ ವಾಸ ಮಾಡಲು ಹೊರಟವಳು — ಬುಧವಾರ ಸಂಜೆ ಆರರೊಳಗೆ ಹೇಳ್ಬಿಡಮ್ಮ, ಇನ್ನೊಂದು ಹುಡುಗಿ ಕಾಯ್ತಾ ಇದಾಳೆ, ಟೈಲರ್ ಆಂಟಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಹೇಳಿದ್ದರು, ಒಂದೂ ಬೀಳಲಿಲ್ಲ, ಇವತ್ತೇ ಬುಧವಾರ, ಅವರ ಹೊಲಿಗೆ ಕೋಣೆಯ ಹಿಂದೆ ನನ್ನ ರೂಮು, ನನ್ನದು ಅನ್ನುತ್ತಿದ್ದೇನೆ ಆಗಲೇ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಗಾಳಿಯಿಲ್ಲ, ಹಗಲೆಲ್ಲ ಮಿಷನ್ನಿನ ಕಟಕಟ, ಆದರೆ ಬಾಗಿಲಿಗೆ ಒಳಗಿನಿಂದ ಚಿಲಕ, ನಾನು ಅದನ್ನು ಹಾಕಿ ತೆಗೆದು ಮತ್ತೆ ಹಾಕಿ ನಿಂತಿದ್ದು ನೋಡಿ ಆಂಟಿ ನಕ್ಕರು, ರೂಮ್ ನೋಡೋಕೆ ಬಂದ್ಯೋ ಚಿಲಕ ನೋಡೋಕೆ ಬಂದ್ಯೋ, ಏನು ಹೇಳಲಿ, ಅಕ್ಕನ ಮನೆಯ ಹಾಲಿನಲ್ಲಿ ಮಲಗುವವಳಿಗೆ ಬಾಗಿಲೇ ಇಲ್ಲ, ಭಾವ ಟಿವಿ ಆರಿಸುವವರೆಗೆ ಅಡಿಗೆಮನೆಯಲ್ಲಿ ಕುಕ್ಕರಿನ ಪಕ್ಕ ಮೂಳೆ, ಸ್ನಾಯುಗಳ ಹೆಸರು ಬಾಯಿಪಾಠ ಮಾಡುತ್ತೇನೆ, ಆಮೇಲೆ ಹಾಸಿಗೆ ಬಿಡಿಸುತ್ತೇನೆ, ಅವರು ನೀರು ಕುಡಿಯಲು ಎದ್ದರೆ ಕಾಲು ಮಡಚುತ್ತೇನೆ, ಅಲ್ಲಿಂದ ಕಾಲೇಜು ಎರಡೇ ಬೀದಿ, ಲಾರಿಯಿಲ್ಲ, ಸೇತುವೆಯಿಲ್ಲ, ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ವಾರ್ಡಿನಲ್ಲಿ ಹಾಜರಿರಬೇಕಾದವಳಿಗೆ ಅದಕ್ಕಿಂತ ಒಳ್ಳೆಯ ವಿಳಾಸ ಎಲ್ಲಿದೆ, ಎಲ್ಲರೂ ಅದನ್ನೇ ಹೇಳುತ್ತಾರೆ, ಪುಣ್ಯವಂತೆ ಕಣೇ, ಅಕ್ಕನ ಮನೆ.

ಹಾರನ್ನು, ಬೆನ್ನೊಳಗೇ ಹೊಕ್ಕಂತೆ, ಸರಿಯೋಣ ಅಂದರೆ ಎಲ್ಲಿಗೆ, ಗೋಡೆಗೆ ಮೊಣಕೈ ತಾಗುತ್ತಿದೆ, ಭಾವನೂ ಹೀಗೆ ಹಾರನ್ನು ಹೊಡೆದಿದ್ದರೆ ಚೆನ್ನಾಗಿತ್ತು, ಅವರು ಮಾತೇ ಆಡುವುದಿಲ್ಲ, ಕ್ಲಾಸಿನ ಗೆಳತಿ ಅವರಿಗೆ ಸೈಲೆನ್ಸರ್ ಅಂತ ಹೆಸರಿಟ್ಟಿದ್ದಾಳೆ, ಒಂದೇ ಒಂದು ಸಲ, ಮನೆಗೂ ಕಾಂಪೌಂಡಿಗೂ ನಡುವಿನ ಆ ಓಣಿಯಲ್ಲಿ ಮೊಣಕಾಲಿಗೆ ಪೆಡಲ್ಲು ಬಡಿದಾಗ, ಅಕ್ಕನ ಮುಖ ನೋಡಿ, ಇದು ಇಲ್ಲೇ ಇರಬೇಕಾ ಅಂದರು, ಸೈಕಲ್ಲನ್ನೇ ಅಂದರೋ ನನ್ನನ್ನೋ, ಮಾರನೆಯ ಬೆಳಿಗ್ಗೆಯಿಂದ ಶುರುವಾಯಿತು, ಸಂಜೆ ಬಂದು ಒಳಮುಖವಾಗಿ ನೂಕಿ ನಿಲ್ಲಿಸಿದ ಸೈಕಲ್ಲು ಬೆಳಿಗ್ಗೆ ಎದ್ದು ನೋಡಿದರೆ ತಿರುಗಿ ನಿಂತಿದೆ, ಮುಖ ಗೇಟಿನ ಕಡೆ, ಹೊರಡು ಅಂದಂತೆ, ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಕೈಯಲ್ಲಿ ಹೇಳುತ್ತಿದ್ದಾರೆ ಅಂದುಕೊಂಡೆ, ನನಗೂ ಹಟ ಬಂತು, ಮರುದಿನ ಇನ್ನೂ ಒಳಗೆ ನೂಕಿದೆ, ಆ ಓಣಿಯಲ್ಲಿ ಸೈಕಲ್ಲನ್ನು ಹಾಗೇ ತಿರುಗಿಸಲಾಗುವುದಿಲ್ಲ, ಮುಂದಿನ ಚಕ್ರ ಎತ್ತಿ ಗೋಡೆಗಾನಿಸಿ ನೆಟ್ಟಗೆ ನಿಲ್ಲಿಸಿ ತಿರುಗಿಸಬೇಕು, ಹಳೇ ಕಾಲದ ಗಟ್ಟಿ ಕಬ್ಬಿಣ, ಎತ್ತಲಿ, ಬೆವರಲಿ, ಹಿಂದಿನ ಸಾಲಿನ ಹೂಕುಂಡಗಳ ತನಕ ನೂಕಿದೆ, ಬೆಳಿಗ್ಗೆ ಮತ್ತೆ ಮುಖ ಗೇಟಿನ ಕಡೆ, ಸೀಟಿನ ಮೇಲೆ ಇಬ್ಬನಿಯ ಹನಿ ಕೂಡ ಇಲ್ಲ — ಅದು ಯಾಕೆ ನನಗೆ ಹೊಳೆಯಲಿಲ್ಲ, ಹೊರಗೆ ಹೋಗು ಅನ್ನುವವರು ಯಾರಾದರೂ ಸೀಟು ಒರೆಸುತ್ತಾರೆಯೇ.

ಇವತ್ತು ಬೆಳಿಗ್ಗೆ ಒರೆಸುತ್ತಿದ್ದಳು, ಹಾಲಿನ ಕಿಟಕಿಯಿಂದ ಕಂಡಿತು, ಹಳೆಯ ಬನಿಯನ್ ತುಂಡಿನಲ್ಲಿ, ಅಕ್ಕ, ಏಳು ತಿಂಗಳ ಹೊಟ್ಟೆ ಗೋಡೆಗೆ ತಾಗದಂತೆ ಓರೆಯಾಗಿ ನಿಂತು, ಆಮೇಲೆ ಬಗ್ಗಿ ಹ್ಯಾಂಡಲ್ಲು ಹಿಡಿದು ಎತ್ತಿದಳು, ಬೆನ್ನಿನಿಂದ ಎತ್ತಿದಳು, ಬೆನ್ನಿನಿಂದ ಎತ್ತಲೇಬಾರದು, ನಮ್ಮ ಮೇಡಂ ಇಡೀ ಕ್ಲಾಸಿಗೆ ಖಾಲಿ ಪೆಟ್ಟಿಗೆ ಎತ್ತಿಸಿ ಎತ್ತಿಸಿ ಕಲಿಸಿದ್ದಾರೆ, ಮಂಡಿ ಬಗ್ಗಿಸ್ರೇ, ಸೊಂಟ ಅಲ್ಲ, ನಾಳೆ ಪೇಷೆಂಟಿಗೆ ಹೇಳ್ಬೇಕಾದೋರು ನೀವೇ, ಆ ಮನೆಯಲ್ಲಿ ಭಾವ ಅವಳಿಗೆ ಅರ್ಧ ಬಕೆಟ್ ನೀರೂ ಎತ್ತಗೊಡುವುದಿಲ್ಲ, ಡಾಕ್ಟರು ಹಾಗೆ ಹೇಳಿದ್ದಾರೆ, ಸೈಲೆನ್ಸರ್ ಮಾತಿಲ್ಲದೆ ಬಂದು ಬಕೆಟ್ ಕಿತ್ತುಕೊಂಡು ಹೋಗುತ್ತಾರೆ, ನಾನು ನೋಡಿದ್ದೇನೆ, ನೋಡಿಯೂ ದಿನಾ ಸಂಜೆ ಇನ್ನೂ ಒಂದು ಅಡಿ ಒಳಗೆ, ಇನ್ನೂ ಒಂದು ಅಡಿ, ಅಷ್ಟೂ ಅಕ್ಕ ಎತ್ತಿದ್ದು, ಕೂಗಬೇಕಿತ್ತು, ಕಿಟಕಿಯಿಂದಲೇ, ಬಿಡೇ ಅಂತ, ಕೂಗಲಿಲ್ಲ, ಯಾಕೆಂದರೆ ಸೈಕಲ್ಲು ತಿರುಗಿಸಿ ಆದಮೇಲೂ ಅವಳು ಒಳಗೆ ಹೋಗಲಿಲ್ಲ, ನಿಂತೇ ಇದ್ದಳು, ಎರಡೂ ಕೈ ಹ್ಯಾಂಡಲ್ಲಿನ ಮೇಲೆ, ಆಮೇಲೆ ಚಪ್ಪಲಿ ಬಿಟ್ಟು ಒಂದು ಕಾಲು — ಲಾರಿ, ಲಾರಿ ಪಕ್ಕಕ್ಕೇ ಬಂತು, ಚಕ್ರ ನನ್ನ ಭುಜದೆತ್ತರ, ಸುತ್ತುತ್ತಿದೆ, ನಟ್ಟುಗಳು ಒಂದೊಂದೂ ಕಾಣುತ್ತಿವೆ, ಬ್ರೇಕು, ಬೆರಳು ಬ್ರೇಕಿಗೆ ಹೋಗುತ್ತಿದೆ, ಬೇಡ, ಸೇತುವೆ ಹತ್ರ ಗೆರೆ ಮುಗಿದು ಹೋಗುತ್ತೆ, ಅಲ್ಲಿ ಬ್ರೇಕ್ ಹಿಡೀಬೇಡ ಕಣೇ, ನಿಂತ್ರೆ ಬೀಳ್ತೀಯ, ತುಳೀತಾನೇ ಇರು.

ಅಕ್ಕ ಹೇಳಿದ್ದು, ಭಾನುವಾರ ರಾತ್ರಿ, ಟೈಲರ್ ಆಂಟಿಯ ರೂಮಿನ ಮಾತು ನಾನು ತೆಗೆದಾಗ ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ, ಪಾತ್ರೆ ತೊಳೆಯುತ್ತ ಅಷ್ಟೇ ಅಂದಳು, ನಾನು ಸೇತುವೆಯ ಸುದ್ದಿಯನ್ನೇ ಎತ್ತಿರಲಿಲ್ಲ, ತುಳಿಯುತ್ತಿದ್ದೇನೆ ಅಕ್ಕಾ, ತುಳಿಯುತ್ತಲೇ ಇದ್ದೇನೆ, ನಿನಗೆ ಗೊತ್ತಿರದೆ ಇನ್ನೇನು, ಇದೇ ಕಾಲೇಜು, ಇದೇ ಸೈಕಲ್ಲು, ಈ ಸೇತುವೆಯಾಚೆ ಎಲ್ಲೋ ನಿನ್ನ ಹಾಸ್ಟೆಲ್ಲು ಇತ್ತಂತೆ, ಎರಡನೇ ವರ್ಷದ ಪರೀಕ್ಷೆಗೆ ಮೊದಲೇ ಮದುವೆ, ಮಿಕ್ಕಿದ್ದು ಮದುವೆಯಾದ ಮೇಲೆ ಓದ್ಕೋತಾಳೆ ಬಿಡಿ ಅಂದರು ಎರಡೂ ಕಡೆಯವರು, ಸೈಕಲ್ಲು ಮಾತ್ರ ಊರಿಗೆ ವಾಪಸು ಬಂತು, ನನಗೆ ಕಾಲು ಎಟುಕುವವರೆಗೆ ಅಟ್ಟದಲ್ಲಿತ್ತು, ಲಾರಿ ಹೋಯಿತು, ಅದರ ಬಾಲದ ಧೂಳು, ಗೋಡೆ ಮುಗಿಯಿತು, ಗೆರೆ ಮತ್ತೆ ನೆಲದಿಂದ ಹುಟ್ಟಿಕೊಂಡಿತು, ಏನೂ ಆಗದವರ ಹಾಗೆ ಪಕ್ಕಕ್ಕೆ ಬರುತ್ತಿದೆ, ಈ ಸೇತುವೆ ದಿನಾ ಎರಡು ಸಲ, ಮಂಜಿನಲ್ಲಿ, ಮಳೆಯಲ್ಲಿ, ಅಕ್ಕನ ಮನೆಯಲ್ಲೇ ಇದ್ದುಬಿಡಲೇ, ಸಂಜೆ ನಾನೇ ತಿರುಗಿಸಿ ನಿಲ್ಲಿಸಿದರೆ ಆಯಿತಲ್ಲ, ಅವಳು ಎತ್ತುವುದೇ ಬೇಡ, ಎಷ್ಟು ಸುಲಭ, ಆದರೆ ಮಗು ಬಂದ ಮೇಲೆ ಹಾಲಿನಲ್ಲಿ ತೊಟ್ಟಿಲು, ಅಡಿಗೆಮನೆಯಲ್ಲಿ ಕುಕ್ಕರು, ಹೇಗೂ ತಂಗಿ ಮನೇಲೇ ಇದಾಳಲ್ಲ ಅನ್ನುತ್ತಾರೆ, ಓದನ್ನು ಒಂದು ವರ್ಷ ಮುಂದಕ್ಕೆ ಹಾಕು ಅನ್ನುತ್ತಾರೆ, ಮಿಕ್ಕಿದ್ದು ಆಮೇಲೆ ಓದ್ಕೋತಾಳೆ ಬಿಡಿ, ಗೊತ್ತು ನನಗೆ, ಅಕ್ಕನಿಗೂ ಗೊತ್ತು, ಗೊತ್ತಿದ್ದೇ ಸೈಕಲ್ಲಿನ ಮುಖ ತಿರುಗಿಸಿ ಇಡುತ್ತಿದ್ದಾಳೆ.

ಮಿಷನ್ನಿನ ಸದ್ದು ಬೀದಿಯ ತುದಿಗೇ ಕೇಳುತ್ತದೆ, ಬಾಗಿಲಲ್ಲಿ ಯಾವುದೋ ಶಾಲೆಯ ನೀಲಿ ಲಂಗಗಳ ರಾಶಿ, ಬಂದ್ಯಾ, ಅಲ್ಲಮ್ಮ ನಿನ್ನ ಮುಖ ಯಾಕೆ ಹಿಂಗಾಗಿದೆ, ಸೇತುವೆನಾ, ಅಭ್ಯಾಸ ಆಗುತ್ತೆ ಬಿಡು, ನೀರು ಕುಡಿ ಮೊದ್ಲು, ಹೇಳು, ಆ ಹುಡುಗಿಗೆ ಏನನ್ಲಿ, ಬರ್ತೀಯೋ ಇಲ್ವೋ, ಲೋಟ ಕೆಳಗಿಡುತ್ತೇನೆ, ಬರ್ತೀನಿ ಆಂಟಿ ಅನ್ನುತ್ತೇನೆ, ಇದು ನನ್ನ ದನಿಯೇ, ಸರಿ ಹಾಗಾದ್ರೆ, ಇವತ್ತೇ ಇದ್ಬಿಡು, ಸಾಮಾನು ಆಮೇಲೆ ತಂದ್ಕೊ, ಸೈಕಲ್ ಒಳಗೆ ತಂದು ನಿಲ್ಸಿ ನೋಡು, ಹಿಡಿಯುತ್ತೋ ಇಲ್ವೋ, ಬೆಳಿಗ್ಗೆ ಬೇಗ ಹೋಗೋಳು, ಈಗ್ಲೇ ತಿರುಗಿಸಿ ಇಟ್ಕೊ, ಅಂಗಳಕ್ಕೂ ಕೋಣೆಗೂ ನಡುವೆ ಇಲ್ಲೂ ಅಂಥದೇ ಓಣಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ, ಎತ್ತುತ್ತೇನೆ, ಅಬ್ಬಾ ಎಷ್ಟು ಭಾರ, ಇಷ್ಟು ಭಾರವೇ ಇದು, ಚಕ್ರ ಗೋಡೆಯನ್ನು ಉಜ್ಜುತ್ತ ತಿರುಗುತ್ತದೆ, ಇಳಿಸುತ್ತೇನೆ, ಬಾಗಿಲ ಕಡೆ ನಿಂತಿತು, ನಾಳೆಯಿಂದ ಅಕ್ಕ ಎತ್ತುವುದು ಬೇಡ, ಎತ್ತುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ, ಭಾವ ಮೊಣಕಾಲು ತಗಲಿಸಿಕೊಳ್ಳದೆ ಓಡಾಡಬಹುದು, ಒಳ್ಳೆಯದೇ, ಎಲ್ಲ ಒಳ್ಳೆಯದೇ, ಬೆಳಿಗ್ಗೆ ಅವಳು ಬನಿಯನ್ ತುಂಡು ಹಿಡಿದು ಓಣಿಗೆ ಬರುತ್ತಾಳೆ, ಹೂಕುಂಡಗಳ ತನಕ ಬರಿಯ ಸಿಮೆಂಟು ನೆಲ, ಗೋಡೆಯ ಮೇಲೆ ಚಕ್ರ ಉಜ್ಜಿದ ಕಪ್ಪು ಗುರುತು, ಆಮೇಲೆ ಆ ಎರಡು ಕೈ ಏನನ್ನು ಹಿಡಿಯಬೇಕು, ಏನಮ್ಮ ಅಲ್ಲೇ ನಿಂತ್ಬಿಟ್ಟೆ, ಹಿಡೀತಲ್ಲ ಸೈಕಲ್ಲು, ಹಿಡಿಯಿತು ಆಂಟಿ, ಹಿಡಿಯಿತು — ಇವತ್ತು ಬೆಳಿಗ್ಗೆ ಅಕ್ಕ, ಎರಡೂ ಕೈ ಹ್ಯಾಂಡಲ್ಲಿನ ಮೇಲೆ, ಹೊಟ್ಟೆ ಸೀಟಿಗೆ ತಾಗದಂತೆ ಓರೆಯಾಗಿ, ಚಪ್ಪಲಿ ಬಿಟ್ಟ ಒಂದು ಕಾಲು ಪೆಡಲಿನ ಮೇಲೆ, ಮುಖ ಗೇಟಿನ ಕಡೆ, ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ನೆಲದ ಮೇಲೆ, ಮುಖ ಗೇಟಿನ ಕಡೆ