ಮಾರ್ಲಿಸ್ ಮೆಟ್ಟಿಲಿಳಿದ ಶನಿವಾರ

ಎದ್ದ, ಸದ್ಯ, ಎದ್ದು ನಿಂತ, ಜ್ಯಾರೆಟ್, ಎದ್ದನಲ್ಲ ಹುಡುಗ — ಆದರೆ ಅವನು ಎತ್ತ ಹೋಗುತ್ತಿದ್ದಾನೆ, ಅದು ಎದುರಾಳಿಗಳ ಬೆಂಚು, ನಮ್ಮವರು ಈಚೆಗಿದ್ದಾರೆ, ಮೇಲೆ ಗಾಜಿನ ಕೋಣೆಯಲ್ಲಿ ಮಾರ್ಲಿಸ್ ಟ್ವೆಡ್ಟ್‌ಳ ಕೈಯ ಕಾಫಿ ಲೋಟ ತುಟಿಗೆ ಮುಟ್ಟದೆ ನಿಂತಿತು, ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿದ ಸದ್ದು ಇಷ್ಟು ಮೇಲಕ್ಕೆ ನಿಜವಾಗಿ ಕೇಳಿಸಿತೆ ಅಥವಾ ತನ್ನ ಹೊಟ್ಟೆಯೊಳಗೇ ಆಯಿತೆ. ಜೊತೆಯಾಟಗಾರನೊಬ್ಬ ಓಡಿಬಂದು ಜ್ಯಾರೆಟ್‌ನ ಹೆಗಲು ಹಿಡಿದು ಈಚೆ ತಿರುಗಿಸಿದ, ಜನ ನಕ್ಕು ಚಪ್ಪಾಳೆ ಹೊಡೆದರು, ಪಕ್ಕದಲ್ಲಿ ಕೂತ ಕಾಲೇಜಿನ ಅಧ್ಯಕ್ಷ ಪ್ರೂಯಿಟ್ ಕೂಡ ನಕ್ಕ, ಗಟ್ಟಿ ಹುಡುಗ ಕಣ್ರೀ, ಇವನೊಬ್ಬ ಇದ್ರೆ ಈ ಸಲ ಕಪ್ ನಮ್ದೇ. ಮಾರ್ಲಿಸ್‌ಗೆ ನಗು ಬರಲಿಲ್ಲ, ಕರುಳು ಹಿಡಿದುಕೊಂಡಿತು, ಪ್ರತಿ ಶನಿವಾರ ಪಂದ್ಯ ಮುಗಿಯುವವರೆಗೆ ಬಿಡದ ಅದೇ ಹಿಡಿತ, ಯಾರಿಗೂ ಹೇಳಿಲ್ಲ, ಕ್ರೀಡಾ ನಿರ್ದೇಶಕಿ ಹೆದರುತ್ತಾಳೆಂದು ಹೇಳುವುದುಂಟೆ, ಅದೂ ಅಮೆರಿಕದ ನೆಬ್ರಾಸ್ಕದ ಈ ಊರಲ್ಲಿ, ಹೆಲ್ಮೆಟ್ಟು ತೊಟ್ಟು ಗುದ್ದಾಡುವ ಈ ಫುಟ್‌ಬಾಲ್ ಇದ್ದ ದಿನ ಅಂಗಡಿಯವರೂ ಬಾಗಿಲೆಳೆದು ಮೈದಾನಕ್ಕೆ ಬರುವಲ್ಲಿ. ತಾನು ಇದೇ ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗ ಹುಡುಗರು ಬೆವರಿ ಬಿಟ್ಟುಕೊಟ್ಟ ಮೇಲೆ ಹುಡುಗಿಯರಿಗೆ ಅಂಗಳ, ಹುಡುಗರ ಹಳೆ ಅಂಗಿಗೆ ತಾವೇ ಹೊಲಿದುಕೊಂಡ ನಂಬರು, ಆಮೇಲೆ ಕೋಚ್, ಕೋಚ್ ಎಂದರೆ ಟವೆಲ್ ಒಗೆಯುವವಳೂ ವ್ಯಾನ್ ಓಡಿಸುವವಳೂ ಅವಳೇ, ಹಿಮದಲ್ಲಿ ವ್ಯಾನು ಜಾರಿ ಹಳ್ಳಕ್ಕಿಳಿದಾಗ ಹಿಂದಿನ ಸೀಟುಗಳಲ್ಲಿ ಸದ್ದೇ ಇಲ್ಲ, ತಿರುಗಿ ನೋಡಲು ಧೈರ್ಯವಿಲ್ಲ, ಕೊನೆಗೆ ಒಬ್ಬಳು ಕೆಮ್ಮಿದಳು, ಇನ್ನೊಬ್ಬಳು ನಕ್ಕಳು, ಎಲ್ಲರೂ ಇದ್ದರು, ಆದರೆ ಅಂದು ಹೊಕ್ಕ ಭಯ ಇಳಿಯಲೇ ಇಲ್ಲ — ಆಮೇಲೆ ಸಹಾಯಕ ನಿರ್ದೇಶಕಿ, ಆಮೇಲೆ ನಿರ್ದೇಶಕಿಯ ಈ ಕುರ್ಚಿ, ಸಂದರ್ಶನದಲ್ಲಿ ಒಬ್ಬ ಮುದುಕ ಕೇಳಿದ್ದ, ಫುಟ್‌ಬಾಲ್‌ನೋರು ನಿನ್ನ ಮಾತು ಕೇಳ್ತಾರೇನಮ್ಮ, ಕೇಳ್ತಾರೆ ಅಂದಿದ್ದಳು. ಅವಳು ಕುಸ್ತಿ ತಂಡವನ್ನು ಮುಚ್ಚಿದ ದಿನ ಆ ಹುಡುಗರು ಬೈಯಲಿಲ್ಲ, ಇನ್ನು ಕುಸ್ತಿಯಿಲ್ಲವೆಂಬಂತೆ ಅವಳ ಬಾಗಿಲ ಮುಂದೆ ಬೂಟುಗಳನ್ನು ಸಾಲಾಗಿ ಬಿಟ್ಟು ಹೋದರು.

ಈಗ ಕೆಳಗೆ ಗೆರೆಯ ಪಕ್ಕದಲ್ಲಿ ನದೀನ್, ಆಟಗಾರರ ಗಾಯ ನೋಡಿಕೊಳ್ಳುವವಳು, ಜ್ಯಾರೆಟ್‌ನ ಕಣ್ಣ ಮುಂದೆ ಬೆರಳಾಡಿಸುತ್ತಿದ್ದಾಳೆ, ಇವನನ್ನು ಆಡಿಸುವುದು ಬೇಡವೆಂದು ತಲೆಯಾಡಿಸುತ್ತಿದ್ದಾಳೆ, ಕೋಚ್ ಹಾವೆಲ್ಕಾ ಅವಳನ್ನು ಪಕ್ಕಕ್ಕೆ ಸರಿಸಿ ಹುಡುಗನ ಬೆನ್ನು ತಟ್ಟುತ್ತಿದ್ದಾನೆ, ಹಾವೆಲ್ಕಾನನ್ನು ಹಟ ಹಿಡಿದು ಕರೆತಂದವಳು ತಾನೇ, ಅವನು ಗೆಲ್ಲುತ್ತಾನೆ, ಗೆಲ್ಲುತ್ತಲೇ ಬಂದಿದ್ದಾನೆ. ನದೀನ್ ಗಾಜಿನತ್ತ ಕತ್ತೆತ್ತಿದಳು — ನನ್ನನ್ನೇ ನೋಡುತ್ತಿದ್ದಾಳೆ, ನೋಡಬೇಡ ನದೀನ್ — ಅದಾಗಲೇ ಎದ್ದು ನಿಂತಿದ್ದಳು. ಕೂತ್ಕೊಳ್ಳಿ ಮಾರ್ಲಿಸ್, ಅದು ಹಾವೆಲ್ಕಾ ಕೆಲಸ, ಪ್ರೂಯಿಟ್ ನಗುತ್ತಲೇ ಹೇಳಿದ, ಅವನು ಸಿಟ್ಟು ಮಾಡ್ಕೊಂಡು ಬೇರೆ ಕಾಲೇಜಿಗೆ ಹೋದ್ರೆ ನಾನು ನಿಮ್ಮನ್ನೇ ಕೇಳೋದು. ಬಾಗಿಲು, ಗಾಳಿ, ಮೆಟ್ಟಿಲು, ಕಂಬಿ ಹಿಡಿದುಕೊ, ಹುರಿದ ಸಾಸೇಜಿನ ವಾಸನೆ, ಏ ಮಾರ್ಲಿಸ್, ಇವತ್ತು ಅವ್ರನ್ನ ಬಿಡಬಾರ್ದು ಅಂತ ಯಾರೋ, ಅಲ್ಲಿ ಜ್ಯಾರೆಟ್‌ನ ತಾಯಿ ಕೈ ಬೀಸಿದಳು, ಏನೂ ತಿಳಿಯದೆ ಖುಷಿಯಾಗಿ, ಇವಳ ಕೈಯೂ ಎದ್ದಿತು, ಯಾಕೆ ಎದ್ದಿತು. ಹುಡುಗನಿಗೆ ಏನೂ ಆಗಿರದಿದ್ದರೆ? ನಾಲ್ಕು ಮಂದಿಯೆದುರು ಮೈದಾನಕ್ಕಿಳಿದ ಮುದಿ ಹೆಂಗಸು, ಸೋತರೆ ಇವಳಿಂದಲೇ — ಏನಾದರೂ ಆಗಿದ್ದರೇ ಒಳ್ಳೆಯದು ಎಂಬಂಥದ್ದೊಂದು ಮನಸ್ಸಿನಲ್ಲಿ ಸುಳಿದುಹೋಯಿತು, ಆ ಯೋಚನೆ ತನ್ನದೇ ಎಂದು ತಿಳಿದು ಕಂಬಿ ಬಿಟ್ಟು ಬೇಗ ಇಳಿದಳು.

ಕಾಲ ಕೆಳಗೆ ಮೈದಾನದ ಹುಲ್ಲು. ಹಾವೆಲ್ಕಾ ಅವಳತ್ತ ತಿರುಗಲೇ ಇಲ್ಲ, ಅವ್ನೇ ಆಡ್ತೀನಿ ಅಂತಿದಾನೆ, ಬೇಕಾದ್ರೆ ಕೇಳಿ. ಕೇಳಿದಳು, ಇವತ್ತು ಯಾರ ಮೇಲೆ ಆಡ್ತಿದೀವಪ್ಪ ಜ್ಯಾರೆಟ್? ಆಡ್ತೀನಿ ಮೇಡಂ, ಅಂದ. ಯಾರ ಮೇಲೆ? ಆಡ್ತೀನಿ ಮೇಡಂ, ಅದೇ ನಗು, ಅದೇ ದನಿ, ಹೆಲ್ಮೆಟ್ಟಿನ ಜಾಲರಿಯ ಹಿಂದೆ ಕಣ್ಣು ಅವಳನ್ನು ದಾಟಿ ಎಲ್ಲೋ ನೆಟ್ಟಿದೆ, ಅವಳು ಅವನ ಗದ್ದದ ಪಟ್ಟಿಗೆ ಕೈಹಾಕಿದಳು, ಗುಂಡಿ ಸಿಗದು, ಸಿಕ್ಕಿತು, ಹೆಲ್ಮೆಟ್ಟನ್ನು ಎಳೆದು ತೆಗೆದು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಳು, ಬೆವರಿನಿಂದ ಬೆಚ್ಚಗಿತ್ತು. ಇವನು ಆಡಲ್ಲ. ಅಷ್ಟೇ ಹೊರಟಿದ್ದು ಬಾಯಿಂದ. ಸ್ಟ್ಯಾಂಡಿನಿಂದ ಕೂಗು ಎದ್ದಿತು, ಹಾವೆಲ್ಕಾ ಕಿವಿಯ ಹತ್ತಿರ ಬಂದು ಮೆಲ್ಲಗೆ ಅಂದ, ಸೋಮವಾರ ಇಲ್ಲಿ ನಮ್ಮಿಬ್ರಲ್ಲಿ ಒಬ್ರೇ ಇರ್ತೀವಿ, ನೆನಪಿರ್ಲಿ. ಇರಲಿ, ಇರಬಹುದು, ಕುರ್ಚಿ, ಕೋಣೆ, ಇಷ್ಟು ವರ್ಷ, ಎಲ್ಲ ಹೋಗಬಹುದು — ಅಷ್ಟರಲ್ಲಿ ಜ್ಯಾರೆಟ್‌ನ ಒಂದು ಮೊಣಕಾಲು ಮಡಿಯಿತು, ಮತ್ತೊಂದು, ನದೀನ್ ತಲೆಯನ್ನು ನೆಲಕ್ಕೆ ತಾಗಗೊಡದೆ ಹಿಡಿದಳು, ಕಣ್ಣಿನ ಒಂದು ಪಾಪೆ ದೊಡ್ಡದಾಗಿದೆ ನೋಡಿ, ತಲೆಯೊಳಗೆ ಪೆಟ್ಟಾಗಿದೆ, ಆಂಬುಲೆನ್ಸ್ ಕರೀರಿ, ಬೇಗ. ಕೂಗು ಎಲ್ಲಿಯೋ ನಿಂತುಹೋಯಿತು, ಹಾವೆಲ್ಕಾ ಮಂಡಿಯೂರಿ ಮಗೂ, ಮಗೂ ಅನ್ನುತ್ತಿದ್ದಾನೆ, ತಾಯಿ ಮೆಟ್ಟಿಲಿಳಿದು ಓಡಿಬರುತ್ತಿದ್ದಾಳೆ, ನಾನು ಗೆದ್ದೆನೆ, ಇದೇನಾ ಗೆಲುವು, ದೇವರೇ ನಾನು ಹಾಗೆ ಬಯಸಲಿಲ್ಲ, ಬಯಸಿದೆನೆ, ಸ್ಟ್ರೆಚರ್ ಎತ್ತಿದರು, ಪಕ್ಕದಲ್ಲೇ ಅವಳೂ ನಡೆದಳು, ಹುಡುಗನ ಕಣ್ಣು ಮುಚ್ಚಿದೆ, ಕೈಗಳು ಮಾತ್ರ ಮೇಲೆದ್ದಿವೆ, ಬರಿಗದ್ದದ ಕೆಳಗೆ ಬೆರಳು ಇಲ್ಲದ ಪಟ್ಟಿಯನ್ನು ಹುಡುಕುತ್ತವೆ, ಆಟಕ್ಕಿಳಿಯುವವನಂತೆ ಎಳೆಯುತ್ತವೆ, ಗುಂಡಿ ಒತ್ತುತ್ತವೆ, ಬೀಳುತ್ತವೆ, ಮತ್ತೆ ಏಳುತ್ತವೆ, ಹುಡುಕುತ್ತವೆ, ಎಳೆಯುತ್ತವೆ, ಒತ್ತುತ್ತವೆ, ಮತ್ತೆ ಗದ್ದದ ಕೆಳಗೆ ಆ ಬೆರಳುಗಳು, ಮತ್ತೆ —