ಚಪ್ಪಾಳೆಗೆ ಬಂದ ಗಿಳಿ

ಗಿಳಿಮರಿಯನ್ನು ತಂದದ್ದು ಪುರಂದರ, ಸಾಕಿದ್ದು ಮನೋರಮಾ. ನೆಕ್ರಾಜೆಯ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಕೆಲಸ ಹಂಚಿಕೆಯಾಗುವ ಕ್ರಮವೇ ಅದು. ಹೊಸತೇನೂ ಅಲ್ಲ.

ಪುರಂದರನಿಗೆ ಕಾರಡ್ಕದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಉಂಟು, ಅಂಗಡಿಯಲ್ಲಿ ಕೂತು ನೋಡಲಿಕ್ಕೆ ಒಂದು ಮೊಬೈಲೂ ಉಂಟು. ಗಲ್ಫಿನಿಂದ ಬಂದ ಗೆಳೆಯನ ಮನೆಮುಂದಿನ ಸಿಟೌಟಿನಲ್ಲಿ ಹಳದಿ ಗಿಳಿಯೊಂದು ಯಜಮಾನನ ಭುಜದ ಮೇಲೆ ಕೂತದ್ದನ್ನು ಕಂಡು ಬಂದ ದಿನದಿಂದ ಅವನಿಗೆ ತನ್ನ ಭುಜ ಖಾಲಿ ಖಾಲಿ ಅನ್ನಿಸತೊಡಗಿತು. ವಾರದೊಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಕೊನ್ಯೂರ್ ಜಾತಿಯ ಮರಿ ಬಂತು. ಅರ್ಧಂಬರ್ಧ ಪುಕ್ಕ, ಮೈಗಿಂತ ಕೊಕ್ಕೇ ದೊಡ್ಡದು. "ಫಾರಿನ್ ಗಿಳಿ. ಕಾಗದಪತ್ರ ಎಲ್ಲ ಸರಿ ಉಂಟು" ಎಂದ. ಮದುವೆಯಾಗಿ ಬಂದಾಗ ತನ್ನ ಬಗ್ಗೆಯೂ ಇಷ್ಟು ಅಭಿಮಾನದಿಂದ ಯಾರಿಗೂ ಹೇಳಿರಲಿಕ್ಕಿಲ್ಲ ಅಂದುಕೊಂಡಳು ಮನೋರಮಾ.

ತರಬೇತಿಯನ್ನೂ ಅವನೇ ಸುರುಮಾಡಿದ. ಮೊಬೈಲಿನಲ್ಲಿ ನೋಡಿದ ಹಾಗೆ ಬೆರಳನ್ನು ಮುಂದೆ ಹಿಡಿದು "ಸ್ಟೆಪ್ ಅಪ್, ಸ್ಟೆಪ್ ಅಪ್" ಎಂದ. ಮರಿ ಬೆರಳು ನೋಡಿತು, ಅವನ ಮುಖ ನೋಡಿತು, ಆಮೇಲೆ ಬೆರಳನ್ನು ಬಲವಾಗಿ ಕಚ್ಚಿತು. ಗುರುಗಳ ತರಗತಿ ಅಲ್ಲಿಗೆ ಮುಗಿಯಿತು. "ಎಂಥ ದರಿದ್ರ ಜಂತು ಮಾರಾಯ್ತಿ! ಇನ್ನು ನೀನೇ ನೋಡಿಕೋ" ಎಂದು ಬೆರಳಿಗೆ ಪಟ್ಟಿ ಸುತ್ತಿಕೊಂಡು ಅಂಗಡಿಗೆ ಹೋದ.

ಮನೋರಮಾ ನೋಡಿಕೊಂಡಳು. ಮರಿಗೆ ತಾನಾಗಿ ತಿನ್ನಲು ಬರುತ್ತಿರಲಿಲ್ಲ. ಗಿಳಿಮರಿಗಳಿಗೆಂದೇ ಸಿಗುವ ಹಿಟ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಮಣಿಕಟ್ಟಿಗೆ ಒಂದು ತೊಟ್ಟು ಬಿಟ್ಟು ಬಿಸಿ ನೋಡಿ, ಅಂಚು ಬಗ್ಗಿಸಿದ ಚಮಚದಲ್ಲಿ ಕುಡಿಸಬೇಕು. ಕುತ್ತಿಗೆಯ ಕೆಳಗಿನ ಚೀಲ ತುಂಬಿ ಗುಂಡಗಾದರೆ ನಿಲ್ಲಿಸಬೇಕು, ಅದು ಕರಗುವವರೆಗೆ ಇನ್ನೊಂದು ಚಮಚ ಕೂಡದು. ಇದನ್ನೆಲ್ಲ ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಹಾಸಿಗೆ ಹಿಡಿದ ಅತ್ತೆ ಅಮ್ಮಣಿಗೆ ಇದೇ ಕೈ ಗಂಜಿ ಕುಡಿಸಿತ್ತು, ಮೊನ್ನೆಮೊನ್ನೆ ಅವರು ತೀರಿಹೋಗುವವರೆಗೆ. ಆದರೆ ಮರಿ ಚಮಚ ಕಂಡದ್ದೇ ರೆಕ್ಕೆ ಅಲ್ಲಾಡಿಸಿ, ಕತ್ತು ನೀಕಿ, ಗಬಗಬ ನುಂಗುತ್ತಿತ್ತು. ಅಮ್ಮಣಿ ಒಂದೊಂದು ಚಮಚಕ್ಕೂ ಮುಖ ತಿರುಗಿಸುತ್ತಿದ್ದರು. ನೋಡಲು ಬಂದ ನೆಂಟರಿಗೆಲ್ಲ ಒಂದೇ ಮಾತು: "ಇವಳ ಕೈಯ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ದಮಯಂತಿ ಬಂದರೆ ಮಾತ್ರ ನನಗೆ ಊಟ ಸೇರುವುದು." ಮಗಳು ದಮಯಂತಿ ಮಧೂರಿನಿಂದ ದೀಪಾವಳಿಗೊಮ್ಮೆ ಬರುತ್ತಿದ್ದಳು. ಹಾಗೆ ಲೆಕ್ಕ ಹಾಕಿದರೆ ಅಮ್ಮಣಿ ಯಾವತ್ತೋ ಹಸಿದು ಸಾಯಬೇಕಿತ್ತು.

ಮರಿಗೆ ಕುಟ್ಟ ಎಂದು ಹೆಸರಿಟ್ಟಳು. ಪುಕ್ಕ ಬಲಿತು ಮೈ ಅರಸಿನ ಬಣ್ಣಕ್ಕೆ ತಿರುಗಿತು. ಹಿಟ್ಟು ಬಿಡಿಸಿ, ಬೇಯಿಸಿದ ಹೆಸರುಕಾಳು, ತುರಿದ ಕ್ಯಾರೆಟ್, ದಾಳಿಂಬೆ ಕೊಡತೊಡಗಿದಳು. ಹೆಸರುಕಾಳೆಂದರೆ ಅವನಿಗೆ ಪ್ರಾಣ. ಸೂರ್ಯಕಾಂತಿ ಬೀಜ ಮಾತ್ರ ಪಾಠದ ಹೊತ್ತಿಗೆ. ಎರಡು ಸಲ ಚಪ್ಪಾಳೆ ತಟ್ಟಿದರೆ ಹಾರಿ ಬರಬೇಕು, ಬಂದರೆ ಒಂದು ಬೀಜ. ತೋರುಬೆರಳು ಎತ್ತಿ ಬಗ್ಗಿಸಿದರೆ ತಲೆ ಬಗ್ಗಿಸಬೇಕು, ಅದಕ್ಕೊಂದು ಬೀಜ. ಅಡಿಗೆಮನೆಯ ಹಿಂದಿನ ವರ್ಕ್ ಏರಿಯಾದಲ್ಲಿ ತೆಂಗಿನಕಾಯಿ ತುರಿಯುತ್ತ, ಮೀನು ಕೊಯ್ಯುತ್ತ ಕಲಿಸಿದಳು. ಕುಟ್ಟ ಮನೆಯ ಯಾವ ಮೂಲೆಯಲ್ಲಿದ್ದರೂ ಚಪ್ಪಾಳೆ ಕೇಳಿದ ಕೂಡಲೇ ಹಾರಿ ಬರುತ್ತಿದ್ದ. ಆ ಮನೆಯಲ್ಲಿ ಅವಳು ಕರೆದರೆ ಬರುವ ಜೀವ ಅದೊಂದೇ ಆಗಿತ್ತು. ಅದು ನೆನಪಾದಾಗೆಲ್ಲ ಅವಳಿಗೆ ಹೊಟ್ಟೆಯೊಳಗೆ ತಂಪು ಅನ್ನಿಸುತ್ತಿತ್ತು.

ಇಷ್ಟರಲ್ಲಿ ಅಮ್ಮಣಿಯ ವರ್ಷದ ಕಾರ್ಯ ಬಂತು.

ನೆಂಟರು ಸೇರಿದರು. ಅಂಗಳದ ಮೂಲೆಯಲ್ಲಿ ಬಾಳೆಲೆ ಹಾಕಿ, ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದರು. ಅನ್ನ, ಪಾಯಸ, ಬೆಲ್ಲ ಹಾಕಿದ ಹೆಸರುಕಾಳು. ಕಾಗೆ ಬಂದು ಎಲೆ ಮುಟ್ಟಬೇಕು, ಅಲ್ಲಿಯವರೆಗೆ ಯಾರಿಗೂ ಊಟ ಇಲ್ಲ. ದಿನಾ ಹಿತ್ತಿಲಲ್ಲಿ ಒಣಮೀನು ಕದಿಯಲಿಕ್ಕೆ ಸಾಲು ನಿಲ್ಲುವ ಕಾಗೆಗಳಿಗೆ ಆ ದಿನ ಎಲ್ಲಿ ಮದುವೆ ಊಟವಿತ್ತೋ, ಒಂದೂ ಇಲ್ಲ. ಹೊತ್ತು ಏರಿತು. "ಅಮ್ಮನಿಗೆ ಎಂತದೋ ಬೇಸರ ಉಂಟು" ಎಂದು ದಮಯಂತಿ ಮನೋರಮಾಳ ಕಡೆ ನೋಡಿದಳು. ನೆಂಟರೂ ನೋಡಿದರು. ಹಸಿದ ಹೊಟ್ಟೆಗೆ ಯಾರಾದರೂ ಒಬ್ಬ ಅಪರಾಧಿ ಬೇಕಲ್ಲ.

ಪುರಂದರ ಕೈ ಒದ್ದೆ ಮಾಡಿಕೊಂಡು, ನಮ್ಮ ಕಡೆ ಕಾಗೆ ಕರೆಯುವ ಕ್ರಮದಂತೆ, ಚಪ್ಪಾಳೆ ತಟ್ಟಿದ. ಎರಡು ಸಲ.

ವರ್ಕ್ ಏರಿಯಾದಿಂದ ಹಳದಿ ಮಿಂಚೊಂದು ಮಾಡಿನ ಮೇಲಿಂದ ಹಾರಿ ಬಂತು. ಕೆಲಸದ ಗಡಿಬಿಡಿಯಲ್ಲಿ ಗೂಡಿನ ಬಾಗಿಲು ಹಾಕುವುದನ್ನು ಮನೋರಮಾ ಮರೆತಿದ್ದಳು. ಕುಟ್ಟ ಅಂಗಳಕ್ಕೆ ಒಂದು ಸುತ್ತು ಹಾಕಿ, ತಟ್ಟಿದ ಕೈಯಲ್ಲಿ ಬೀಜ ಇಲ್ಲದ್ದನ್ನು ಕಂಡು, ಎಲೆಯ ಪಕ್ಕ ಇಳಿದು ಹೆಸರುಕಾಳು ಹೆಕ್ಕತೊಡಗಿದ.

"ಅಮ್ಮಾ!" ದಮಯಂತಿ ಕೂಗಿಕೊಂಡಳು. "ನೋಡು ಪುರಂದರ, ಹೆಸರುಕಾಳಿಗೇ ಬಾಯಿ ಹಾಕಿದ್ದು! ಅಮ್ಮ ಕೊನೆಗೆ ಉಟ್ಟ ಸೀರೆಯೂ ಇದೇ ಬಣ್ಣ ಅಲ್ವಾ?" ಆ ಸೀರೆ ತಂದದ್ದು ಮನೋರಮಾ, ಉಟ್ಟ ದಿನ ಬೈಸಿಕೊಂಡದ್ದೂ ಮನೋರಮಾ. ಅಷ್ಟರಲ್ಲಿ ಕುಟ್ಟ ತಲೆ ಎತ್ತಿ ಕಿವಿ ತೂತಾಗುವ ಹಾಗೆ ಕಿರಿಚಿದ. "ಸ್ವರವೂ ಅಮ್ಮನದ್ದೇ!" ಎಂದ ಪುರಂದರ. ಈ ಒಂದು ವಿಷಯದಲ್ಲಿ ಮಾತ್ರ ಮನೋರಮಾಳಿಗೆ ಪೂರ್ತಿ ಒಪ್ಪಿಗೆ ಇತ್ತು.

"ಅದು ಕುಟ್ಟ. ಚಪ್ಪಾಳೆಗೆ ಬರ್ಲಿಕ್ಕೆ ನಾನೇ ಕಲಿಸಿದ್ದು" ಎಂದಳು.

"ಆತ್ಮ ಬರುವಾಗ ಯಾವುದಾದರೂ ನೆಪ ಬೇಕಲ್ಲ" ಎಂದರು ಹಿರಿಯರೊಬ್ಬರು. ಎಲ್ಲರೂ ಸಮಾಧಾನದಿಂದ ಊಟಕ್ಕೆ ಎದ್ದರು.

ಅಲ್ಲಿಂದ ಕುಟ್ಟನ ಪದವಿ ಏರಿತು. ಗೂಡು ವರ್ಕ್ ಏರಿಯಾದಿಂದ ಚಾವಡಿಗೆ, ಅಮ್ಮಣಿಯ ಹಾರ ಹಾಕಿದ ಫೋಟೋದ ಕೆಳಗೆ ಹೋಯಿತು. ಮನೋರಮಾ ಸಂಜೆ ಪಾಠಕ್ಕೆ ಬೀಜ ಹಿಡಿದು ಹೋದರೆ ಗಂಡ ಅಡ್ಡ ನಿಂತ. "ನನ್ನ ಅಮ್ಮನನ್ನು ಕುಣಿಸ್ತೀಯಾ? ಇನ್ನು ಚಪ್ಪಾಳೆಗಿಪ್ಪಾಳೆ ತಟ್ಟಿದರೆ ಜಾಗ್ರತೆ!" ಬೆರಳು ಕಚ್ಚಿಸಿಕೊಂಡಾಗ ಅದು ದರಿದ್ರ ಜಂತುವಾಗಿತ್ತು ಎಂಬುದನ್ನು ಅವಳು ನೆನಪಿಸಲಿಲ್ಲ. ದಮಯಂತಿ ರಾತ್ರಿ ಅಲ್ಲೇ ಉಳಿದಳು. ತುಪ್ಪದ ಲಡ್ಡು ತಿನ್ನಿಸಿದಳು, ಪಾಯಸ ನೆಕ್ಕಿಸಿದಳು, ಬೆಳಿಗ್ಗೆ ಸಕ್ಕರೆ ಜಾಸ್ತಿ ಹಾಕಿ ಚಮಚದಲ್ಲಿ ಚಹಾ ಹಿಡಿದಳು.

"ಅಕ್ಕಾ, ಚಹಾ ಕೊಡಬೇಡಿ. ಹಕ್ಕಿಗೆ ವಿಷ ಅದು."

"ನನ್ನ ಅಮ್ಮನಿಗೆ ಚಹಾ ಕೊಡಬೇಡ ಅಂತ ಹೇಳುವಷ್ಟಾಯ್ತಾ ನೀನು?"

ಕುಟ್ಟ ಆಗಲೇ ಮೈಯ ಪುಕ್ಕ ಉಬ್ಬಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದ. ಗೂಡಿನಡಿಯ ಪೇಪರಿನಲ್ಲಿ ಬರೇ ನೀರುನೀರು ಹಿಕ್ಕೆ. ಅದೇ ಹೊತ್ತಿಗೆ ದಮಯಂತಿ ಬಾಂಬು ಹಾಕಿದಳು: "ಅಮ್ಮನನ್ನು ನಾನು ಕರೆದುಕೊಂಡು ಹೋಗ್ತೇನೆ. ಇರುವಾಗ ಸೇವೆ ಮಾಡುವ ಭಾಗ್ಯ ನನಗೆ ಸಿಗಲಿಲ್ಲ." ಭಾಗ್ಯ ಬಸ್ಸಿನಲ್ಲಿ ಬಂದು ಹೋಗುವಷ್ಟು ದೂರದಲ್ಲೇ ಇತ್ತು. ಅಮ್ಮ ಮಲಗಿದಲ್ಲೇ ಎಲ್ಲ ಆಗುತ್ತಿದ್ದಾಗ ಈ ಭಾಗ್ಯದ ಮೇಲೆ ಯಾರೂ ಹಕ್ಕು ಹೇಳಿರಲಿಲ್ಲ.

"ಬೇಡ" ಎಂದಳು ಮನೋರಮಾ. "ನೀವು ಅವನನ್ನು ತಿನ್ನಿಸಿ ತಿನ್ನಿಸಿ ಕೊಲ್ತೀರಿ. ನಾನು ಕೊಡುವುದಿಲ್ಲ."

"ಅವನು ಅಂತೆ, ಅವನು! ಕೇಳಿದೆಯಾ ಪುರಂದರ?"

ಪುರಂದರ ಕೇಳಿದ, ಮತ್ತು ಎಂದಿನಂತೆ ಅಕ್ಕನ ಪಕ್ಷ ಸೇರಿದ.

ಅಷ್ಟರಲ್ಲಿ ದಮಯಂತಿಯ ಗಂಡ ಉದಯಶಂಕರ ಕಾರು ತಂದ. ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಅವನು ಗೂಡಿನಡಿಯ ಪೇಪರನ್ನು ಒಮ್ಮೆ ನೋಡಿದ, ತನ್ನ ಸೀಟುಗಳನ್ನು ನೆನೆದ, ಕೂಡಲೇ ಮಹಾ ಧರ್ಮಿಷ್ಠನಾದ. "ಜಗಳ ಎಂತಕ್ಕೆ? ಎಲ್ಲಿ ಇರುವುದು ಅಂತ ಅತ್ತೆಯವರನ್ನೇ ಕೇಳುವ. ಗೂಡು ತೆಗೀರಿ. ಯಾರ ಹತ್ತಿರ ಹೋಗ್ತಾರೋ ಅವರ ಮನೆ."

ಚಾವಡಿಯ ಒಂದು ಬದಿಗೆ ದಮಯಂತಿ ಲಡ್ಡು ಹಿಡಿದು ನಿಂತಳು, ಇನ್ನೊಂದು ಬದಿಗೆ ಮನೋರಮಾ. ಚಪ್ಪಾಳೆ ಕೂಡದು ಎಂದು ಪುರಂದರ ತೀರ್ಪು ಕೊಟ್ಟ. ಅವಳ ಸೆರಗಿನ ತುದಿಯಲ್ಲಿ ಹಿಂದಿನ ಸಂಜೆ ಕೊಡಲಾಗದೆ ಉಳಿದ ಒಂದು ಬೀಜ ಇತ್ತು. ಅಷ್ಟೇ.

ಕುಟ್ಟ ಗೂಡಿನಿಂದ ಹೊರಬಂದು ಅಮ್ಮಣಿಯ ಫೋಟೋದ ಚೌಕಟ್ಟಿನ ಮೇಲೆ ಕೂತ. ದಮಯಂತಿಗೆ ಮೈ ಜುಂ ಎಂದಿತು. "ಅಮ್ಮಾ, ಬಾ ಅಮ್ಮಾ. ನಿನ್ನ ಮಗಳು ಕರೀತಿದ್ದೇನೆ." ಕುಟ್ಟ ಲಡ್ಡುವಿನ ಕಡೆ ಕತ್ತು ವಾಲಿಸಿದ. ಕಾಲು ಬದಲಿಸಿದ. ಮನೋರಮಾ ಆ ಕಾಲುಗಳನ್ನೇ ನೋಡಿದಳು. ಹೋದರೆ ಹೋದ, ಮತ್ತೆ ಸಿಗುವುದಿಲ್ಲ. ಈ ಮನೆಯಲ್ಲಿ ಮತ್ತೆ ತಾನು ಕರೆಯಲಿಕ್ಕೆ ಯಾರೂ ಇಲ್ಲ.

ಅವನು ಹಾರಿದ. ದಮಯಂತಿಯ ತಲೆಯ ಮೇಲಿಂದಲೇ ತಿರುಗಿ ಬಂದು ಮನೋರಮಾಳ ಎಡಗೈಯ ಮೇಲೆ ಕೂತ. ಪುಟ್ಟ ಉಗುರುಗಳು ಚರ್ಮಕ್ಕೆ ಚುಚ್ಚಿದವು.

"ಅಮ್ಮ ಹಾಗೆ ಮಾಡ್ಲಿಕ್ಕಿಲ್ಲ!" ದಮಯಂತಿ ಲಡ್ಡು ಹಿಡಿದ ಕೈ ಇಳಿಸಿದಳು. "ಇವಳನ್ನು ಕಂಡರೆ ಅಮ್ಮನಿಗೆ ಆಗುತ್ತಲೇ ಇರಲಿಲ್ಲ. ಇವಳ ಹತ್ತಿರ ಎಂತಕ್ಕೆ ಹೋದದ್ದು ಅಮ್ಮಾ? ಹೇಳು!"

ಮನೋರಮಾ ಅದನ್ನು ಬೇಕೆಂದು ಮಾಡಲಿಲ್ಲ. ಕುಟ್ಟ ಕೈಯ ಮೇಲೆ ಕೂತರೆ ಬಲಗೈಯ ತೋರುಬೆರಳು ತಾನಾಗಿ ಏಳುವುದು ಅವಳಿಗೆ ರೂಢಿಯಾಗಿಹೋಗಿತ್ತು. ಬೆರಳು ಎದ್ದಿತು, ಬಗ್ಗಿತು.

ಕುಟ್ಟ ಅವಳೆದುರು ತಲೆ ಬಗ್ಗಿಸಿದ. ಕೊಕ್ಕು ಅವಳ ಬಳೆಗೆ ತಾಗುವಷ್ಟು ಕೆಳಗೆ.

ಪುರಂದರ ಕನ್ನಡಕ ತೆಗೆದು ಒರೆಸಿದ. ದಮಯಂತಿ ಕುರ್ಚಿಯ ಮೇಲೆ ಕುಸಿದಳು. "ತಪ್ಪಾಯ್ತು ಅಂತಿದ್ದಾರೆ" ಎಂದಳು ಸಣ್ಣ ಸ್ವರದಲ್ಲಿ. "ಅಮ್ಮ ಇವಳ ಹತ್ತಿರ ತಪ್ಪಾಯ್ತು ಅಂತಿದ್ದಾರೆ."

ನಗು ಬರಬೇಕಿತ್ತು. ನಿನ್ನೆಯಿಂದ ಈ ಮೂರ್ಖರನ್ನೆಲ್ಲ ಕಂಡು ಮನಸ್ಸಿನೊಳಗೆ ನಕ್ಕು ನಕ್ಕು ಸಾಕಾದವಳು ಅವಳು. ಇದು ಬರೇ ಹಕ್ಕಿ, ಬಗ್ಗಿದ್ದು ಬೀಜದಾಸೆಗೆ, ಕಲಿಸಿದವಳು ತಾನು. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನಗು ಬರಲಿಲ್ಲ. ಎಷ್ಟು ಚಮಚ ಗಂಜಿ, ಎಷ್ಟು ಸಲ ತಿರುಗಿಸಿದ ಮುಖ! ಚೆನ್ನಾಗಿತ್ತು ಎನ್ನುವುದು ಬೇಡ, ಸಾಕು ಎಂದಾದರೂ ನೆಟ್ಟಗೆ ಮುಖ ನೋಡಿ ಹೇಳಿದ್ದಿಲ್ಲ ಆ ಮುದುಕಿ. ಕಣ್ಣು ತುಂಬಿ ಬಂತು. ಅವಳಿಗೆ ಸಿಟ್ಟೂ ಬಂತು, ತನ್ನ ಮೇಲೆಯೇ.

ಸೆರಗಿನಿಂದ ಬೀಜ ತೆಗೆದು ಕೊಕ್ಕಿಗೆ ಹಿಡಿದಳು.

"ಆಯ್ತು ಬಿಡಿ ಅತ್ತೆ" ಎಂದಳು, ಬಹಳ ಮೆಲ್ಲಗೆ.

ಕುಟ್ಟ ಬೀಜ ಒಡೆದು ಸಿಪ್ಪೆ ಉಗುಳಿದ. ಅವಳ ಮುಖವನ್ನೊಮ್ಮೆ ನೋಡಿ ಮತ್ತೆ ತಲೆ ಬಗ್ಗಿಸಿದ. ಈ ಸಲ ಅವಳು ಬೆರಳು ಎತ್ತಿರಲಿಲ್ಲ.