ತೆಗೆಸಿದ ಸಾಲು

ಕೆಲಸ ಕಾಯಂ ಆದರೆ ಓರಗಿತ್ತಿ ಅನಸೂಯ ಊರಿನ ಇನ್ನೊಂದು ತುದಿಯ ಅಡ್ಯಾರಿನಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆಂದು ವೃಂದಾಗೆ ತಿಳಿದದ್ದು ಅತ್ತೆಯ ಬಾಯಿಂದ. ಹಾಸಿಗೆ ಹಿಡಿದ ಮೇಲೂ ಮುದುಕಿಯ ಕಿವಿ ಚುರುಕಾಗಿಯೇ ಇತ್ತು.

“ಚಿಕ್ಕವಳು ಗಂಡನ ಕಿವಿ ಊದ್ತಿದಾಳೆ. ಆಫೀಸೂ ಹತ್ತಿರ, ಮಗಳು ಶ್ರೀಯಾ ಸ್ಕೂಲೂ ಹತ್ತಿರವಂತೆ. ಇನ್ನು ನನಗೆ ನೀನೇ ಗತಿ ಕಣೆ, ವೃಂದಾ.”

ವೃಂದಾ ಹೊದಿಕೆ ಸರಿಮಾಡಿ ಹೊರಗೆ ಬಂದಳು. ಕೋಣೆಯ ವಾಸನೆ ಸೆರಗಿನಲ್ಲೇ ಉಳಿದಂತೆನಿಸಿ ಸೀರೆ ಬದಲಿಸಿದಳು. ಮಾಧವರಂನ ಆ ಮನೆಗೆ ಅವಳು ಹಿರಿಯ ಸೊಸೆ. ಡಾಕ್ಟರ ಹತ್ತಿರ ಮಾತಾಡುವುದು, ಬಂದವರಿಗೆ ಅತ್ತೆಯ ಕ್ಷೇಮ ಹೇಳುವುದು ಅವಳದು. ಹಗಲು ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ಕೆಲಸದ ಸಾಕಮ್ಮ ಬರುತ್ತಿದ್ದಳು. ಬೆಳಿಗ್ಗೆ ಸಂಜೆ ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಬೆಡ್‌ಪ್ಯಾನ್ ತೊಳೆಯುವುದು ಮಾತ್ರ ಓರಗಿತ್ತಿ ಅನಸೂಯಳ ಪಾಲು. ಹೀಗೆ ಹಂಚಿಕೊಳ್ಳೋಣ ಎಂದು ಯಾರೂ ಹೇಳಿರಲಿಲ್ಲ. ಅನಸೂಯ ಮಾಡುತ್ತಿದ್ದಳು, ವೃಂದಾ ಬಿಟ್ಟಿದ್ದಳು, ಅಷ್ಟೆ.

ಇಬ್ಬರೂ ಹೋಗುತ್ತಿದ್ದದ್ದು ಒಂದೇ ಕಂಪನಿಗೆ. ಪ್ರೋಗ್ರಾಂ ಬರೆಯುವವರು ತಾವು ಮಾಡಿದ ಒಂದೊಂದು ಬದಲಾವಣೆಯನ್ನೂ ಕಾದಿಟ್ಟುಕೊಳ್ಳುವ ಸಾಧನವೊಂದು ಅಲ್ಲಿ ತಯಾರಾಗುತ್ತಿತ್ತು. ಇಬ್ಬರು ಬೇರೆಬೇರೆಯಾಗಿ ತಿದ್ದಿದ್ದನ್ನು ಒಂದುಗೂಡಿಸುವುದಕ್ಕೆ ಮರ್ಜ್ ಅನ್ನುತ್ತಾರೆ. ಒಂದೇ ಸಾಲನ್ನು ಇಬ್ಬರೂ ಮುಟ್ಟಿದ್ದರೆ ಸಾಧನ ನಡುವೆಯೇ ನಿಂತು, ಯಾವುದು ಇರಲಿ ನೀವೇ ನೋಡಿ ಅನ್ನುತ್ತದೆ. ನೋಡಿ ಸರಿಮಾಡಿ ಕೊನೆಗೆ ‘ಕಮಿಟ್’ ಎಂಬ ಆಜ್ಞೆ ಕೊಟ್ಟರೆ ಮರ್ಜ್ ಮುಗಿಯಿತು. ಬೇರೆಲ್ಲ ಕೆಲಸವನ್ನು ಉಳಿಸುವುದಕ್ಕೂ ಅದೇ ಕಮಿಟ್. ಎರಡಕ್ಕೂ ಒಂದೇ ಆಜ್ಞೆ ಸಾಕು ಎಂದು ಹಿಂದೆ ವಾದಿಸಿ ಗೆದ್ದವಳು ವೃಂದಾ.

ಅದರಲ್ಲಿದ್ದ ತೊಡಕನ್ನು ಹಿಡಿದವಳು ಅನಸೂಯ. ಮರ್ಜ್ ನಿಂತಿದ್ದಾಗ ಕಾಫಿಗೆ ಎದ್ದು ಹೋದವರು ಅದನ್ನು ಮರೆತುಬಿಡುತ್ತಾರೆ. ಮಾರನೆಯ ದಿನ ಬೇರೇನೋ ಕೆಲಸಕ್ಕೆ ಕಮಿಟ್ ಕೊಡುತ್ತಾರೆ. ಅರೆಬೆಂದ ಮರ್ಜೂ ಅದರ ಜೊತೆಗೇ ಒಳಗೆ ಸೇರಿಬಿಡುತ್ತದೆ. ಮರ್ಜ್ ಮುಗಿಸುವುದಕ್ಕೆಂದೇ ಅವಳು ‘ಮರ್ಜ್ ಕಂಟಿನ್ಯೂ’ ಎಂಬ ಹೊಸ ಆಜ್ಞೆ ರೂಪಿಸಿದ್ದಳು. ನಡುವೆ ಯಾರಾದರೂ ಕಮಿಟ್ ಕೊಟ್ಟರೆ ಸಾಧನ ತಡೆದು ಎರಡು ಸಾಲು ತೋರಿಸುತ್ತಿತ್ತು. ಮರ್ಜ್ ಅರ್ಧಕ್ಕೆ ನಿಂತಿದೆ ಎಂದು ಮೊದಲನೆಯದು. ಮುಗಿಸಲು ಯಾವ ಆಜ್ಞೆ ಕೊಡಬೇಕೆಂದು ಎರಡನೆಯದು. ಬಳಸುವವರ ಕೈಗೆ ಕೊಟ್ಟು ನೋಡುವ ಪರೀಕ್ಷೆಯಲ್ಲಿ ಇದು ಪಾಸಾದರೆ ಅವಳ ಕೆಲಸ ಕಾಯಂ ಎಂದು ಮೇಲಧಿಕಾರಿ ರಾಮದಾಸ್ ಹೇಳಿದ್ದರು.

ವೃಂದಾ ನಡೆಸಿ ನೋಡಿದಳು. ಚೆನ್ನಾಗಿತ್ತು. ತನಗೆ ಯಾಕೆ ಹೊಳೆಯಲಿಲ್ಲ ಎನಿಸುವಷ್ಟು ಚೆನ್ನಾಗಿತ್ತು.

“ಎರಡನೇ ಸಾಲು ತೆಗೆದುಬಿಡು,” ಎಂದಳು.

“ಅದಿಲ್ಲದಿದ್ರೆ ಅವರಿಗೆ ಹೇಗೆ ಗೊತ್ತಾಗತ್ತೆ, ಅಕ್ಕ?”

“ಬಳಸೋರು ಎಲ್‌ಕೆಜಿ ಮಕ್ಕಳಾ? ಚಿಕ್ಕದಾಗಿದ್ರೆ ಚೊಕ್ಕವಾಗಿರತ್ತೆ. ನಾನು ಹೇಳ್ತಿದೀನಲ್ಲ.”

ಬೇರೆ ಯಾರಾದರೂ ಹಾಗೆಂದಿದ್ದರೆ ಅನಸೂಯ ಜಗಳ ಕಾಯುತ್ತಿದ್ದಳೇನೋ. ಹುಳಿಗೆ ಉಪ್ಪು ಸಾಕು ಎಂದು ಅಕ್ಕ ಹೇಳಿದರೆ ರುಚಿ ನೋಡದೆ ಇಳಿಸುವ ಅಭ್ಯಾಸ ಅವಳದು. ಸಾಲನ್ನು ತೆಗೆದಳು.

ಪರೀಕ್ಷೆಗೆ ಕೂರುವವರನ್ನು ಆರಿಸುವುದು ವೃಂದಾಳ ಕೆಲಸ. ಬೆರಳಿಗೇ ಕಮಿಟ್ ಅಭ್ಯಾಸವಾಗಿದ್ದ ಹಳಬರನ್ನೇ ಕರೆದಳು. ಆ ಕಂಪನಿಯಲ್ಲಿ ಒಂದು ಕಟ್ಟುನಿಟ್ಟು: ಆಜ್ಞೆ ರೂಪಿಸಿದವರು ಪರೀಕ್ಷೆಯ ಕೋಣೆಯಲ್ಲಿ ಕೂತಿರಬಹುದು, ಬಾಯಿ ಬಿಡುವ ಹಾಗಿಲ್ಲ.

ಆ ಹಳಬರಲ್ಲೊಬ್ಬನಾದ ನಿಶಾಂತ್ ಮರ್ಜಿನ ತೊಡಕು ಬಿಡಿಸಿ ಕಮಿಟ್ ಕೊಟ್ಟ. ಮರ್ಜ್ ಅರ್ಧಕ್ಕೆ ನಿಂತಿದೆ ಎಂದಿತು ಪರದೆ. ಮತ್ತೆ ಕೊಟ್ಟ. ಮತ್ತೆ ಅದೇ.

“ರೇಷನ್ ಅಂಗಡಿ ಥರ ಇದೆ,” ಎಂದ ನಿಶಾಂತ್. “ಇಲ್ಲ ಅಂತಾರೆ. ಯಾವಾಗ ಬರಬೇಕು ಅಂತ ಮಾತ್ರ ಹೇಳಲ್ಲ.”

ಎಲ್ಲರೂ ನಕ್ಕರು. ಪಕ್ಕದ ಮಿಥುನ್ ಬೇಸತ್ತು ಮರ್ಜನ್ನೇ ರದ್ದುಮಾಡಿ, ಅಷ್ಟೂ ಕೆಲಸ ಕಳೆದುಕೊಂಡು ಕುರ್ಚಿಗೊರಗಿದ. ಗೋಡೆಗೆ ಆನಿಕೊಂಡು ಕೂತಿದ್ದ ಅನಸೂಯಳ ತುಟಿ ಅಲುಗುತ್ತಿತ್ತು. ಮರ್ಜ್ ಕಂಟಿನ್ಯೂ ಎಂಬ ಆ ಎರಡು ಪದ ಅವಳ ಬಾಯೊಳಗೇ ಇದ್ದವು. ವೃಂದಾ ಅದನ್ನೇ ನೋಡುತ್ತಿದ್ದಳು. ಕರುಣೆ ಬಂದೀತೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಬೆಡ್‌ಪ್ಯಾನು.

ಎಲ್ಲ ಆದ ಮೇಲೆ ರಾಮದಾಸ್ ಕೇಳಿದರು, “ಯಾವ ಕಮಾಂಡ್ ಕೊಡಬೇಕು ಅಂತ ಒಂದು ಸಾಲು ಹಾಕೋದಕ್ಕೆ ಏನಾಗಿತ್ತಮ್ಮ?”

ಅನಸೂಯ ವೃಂದಾಳ ಕಡೆ ನೋಡಿದಳು. ವೃಂದಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ನಾಲ್ಕು ಜನರ ಎದುರು ಹಿರಿಯಳ ಮೇಲೆ ಬೆರಳು ತೋರಿಸುವುದು ಆ ಮನೆಯಲ್ಲಿ ಇರಲಿಲ್ಲ.

“ತಪ್ಪಾಯ್ತು ಸರ್.”

ಅವಳು ಹೊರಗೆ ಹೋದ ಮೇಲೆ ರಾಮದಾಸ್ ಹಣೆ ಉಜ್ಜಿಕೊಂಡರು. “ನಿಮ್ಮ ಮನೆಯವಳೇ ಅಲ್ವಾ? ಇನ್ನೊಂದು ಅವಕಾಶ ಕೊಡೋಣ ಅಂದ್ರೆ ಕೊಡ್ತೀನಿ. ನೀವೇ ಹೇಳಿ.”

“ಮನೆಯವಳು ಅಂತಲೇ ನಾನು ಹೇಳಬಾರದು ಸರ್,” ಎಂದಳು ವೃಂದಾ. “ನೀವೇ ನೋಡಿದ್ರಲ್ಲ.”

ಅನಸೂಯಳಿಗೆ ಕಾಯಂ ಆಗಲಿಲ್ಲ. ತಿಂಗಳ ಕೊನೆಗೆ ಬಿಟ್ಟು ಹೋಗಬೇಕೆಂದು ಅಂದೇ ತಿಳಿಸಿದರು.

ಸಂಜೆ ಮನೆಯಲ್ಲಿ ಇಬ್ಬರೇ ಊಟಕ್ಕೆ ಕೂತರು. ಬಡಿಸಿದವಳು ಅನಸೂಯ. ತನ್ನ ತಟ್ಟೆಗೂ ಅನ್ನ ಹಾಕಿಕೊಂಡು, ಕಲಸುತ್ತ ಮೆಲ್ಲಗೆ ಹೇಳಿದಳು:

“ಅತ್ತೆ ಸೇವೆ ನಿಮ್ಮ ಕೈಲಾಗಲ್ಲ ಅಂತ ನನಗೇ ಹೇಳಬಹುದಿತ್ತಲ್ಲ, ಅಕ್ಕ.”

ವೃಂದಾಳ ಕೈ ನಿಂತಿತು. ಇಲ್ಲ, ಹಾಗಲ್ಲ ಅನ್ನಬಹುದಿತ್ತು. ಅಷ್ಟಕ್ಕೂ ಸೋಮಾರಿತನ ಬಂತು.

“ಹೇಳಿದ್ರೆ ಉಳ್ಕೊಳ್ತಿದ್ದೆಯಾ?”

ಅನಸೂಯ ಯೋಚಿಸಿದಳು. “ಇಲ್ಲ.”

“ಮತ್ತೆ?” ಎಂದಳು ವೃಂದಾ.

ಕೋಣೆಯಿಂದ ನರಳುವ ಸದ್ದು ಬಂತು. ನಡುಮನೆಯಲ್ಲಿದ್ದ ಶ್ರೀಯಾ ಪುಸ್ತಕದಿಂದ ತಲೆಯೆತ್ತದೆ, ಸ್ಕೂಲಿನಲ್ಲಿ ಕಲಿತ ತಮಿಳಿನಲ್ಲಿ, “ಅಮ್ಮಾ, ಪಾಟ್ಟಿ ಕೂಪ್ಪಿಡ್ರಾ!” ಎಂದು ಕೂಗಿದಳು. ಅಜ್ಜಿ ಕರೆದರೆ ಆ ಹುಡುಗಿ ಕೂಗುತ್ತಿದ್ದದ್ದು ತನ್ನಮ್ಮನನ್ನೇ, ದೊಡ್ಡಮ್ಮನನ್ನಲ್ಲ.

ಅನಸೂಯ ಎದ್ದು ಕೈ ತೊಳೆದಳು.

“ಕಲಸಿದ ಅನ್ನ ಬಿಟ್ಟು ಏಳ್ತಾರೇನೇ? ಎರಡು ತುತ್ತು ತಿಂದು ಹೋಗು,” ಎಂದಳು ವೃಂದಾ. ಅವಳ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಆದರೆ ತಾನು ಏಳಲಿಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡ ಮೇಲೆ ಹುಳಿಯ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಇನ್ನೊಂದು ಸೌಟು ಬಡಿಸಿಕೊಂಡಳು.